ಇಂಜಿನಿಯರ್ ಮಗನ ಮೊದಲ ಕೆಲಸ: ಎರಡು ಲಕ್ಷ ಕೊಟ್ಟರೆ ಸಿಗುವುದು ಏನು?

ಬಿ.ಇ. ಮುಗಿಸಿ ವರ್ಷ ಒಂದೂವರೆ ಆದರೂ ಕೆಲಸ ಸಿಗದೆ ಮನೆಯಲ್ಲಿ ಕೂತ ಹುಡುಗರು ಈಗ ನಮ್ಮ ಹೆಚ್ಚಿನ ಜಮಾಅತ್‌ಗಳಲ್ಲಿ ಒಬ್ಬಿಬ್ಬರಾದರೂ ಇದ್ದಾರೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಕಾಲೇಜಿನಿಂದಲೇ ಕಂಪೆನಿಯವರು ಕರೆದುಕೊಂಡು ಹೋಗುತ್ತಾರೆ ಅಂತ ಹೇಳಿ ಸೇರಿಸಿದ್ದು. ಉಮ್ಮನ ಬಳೆ, ಅಲ್ಪಸಂಖ್ಯಾತ ನಿಗಮದ ಅರಿವು ಸಾಲ, ದಮ್ಮಾಮಿನ ಮಾವ ಕಳಿಸಿದ ಹಣ, ಎಲ್ಲ ಸೇರಿಸಿ ಫೀಸು ಕಟ್ಟಿದ್ದು. ಈಗ ಮದುವೆ ಮನೆಯಲ್ಲಿ ಯಾರಾದರೂ "ಮಗ ಎಲ್ಲಿದ್ದಾನೆ?" ಅಂತ ಕೇಳಿದರೆ ಬಾಪ ಮಾತು ತಿರುಗಿಸುತ್ತಾರೆ. ಹುಡುಗ ಉದಾಸೀನ, ಮೊಬೈಲ್ ಬಿಡುವುದಿಲ್ಲ, ಅದಕ್ಕೇ ಹೀಗೆ ಅಂತ ನೆರೆಕರೆಯವರ ತೀರ್ಪು. ಆ ತೀರ್ಪು ಕೊಡುವ ಮೊದಲು ಸ್ವಲ್ಪ ಲೆಕ್ಕ ನೋಡಬೇಕು.

2021-22ರಲ್ಲಿ ಟಿಸಿಎಸ್ ಒಂದೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಹೊಸಬರನ್ನು ತೆಗೆದುಕೊಂಡಿತ್ತು. ಇನ್ಫೋಸಿಸ್ 85,000. ಕೊರೋನಾ ಕಾಲದಲ್ಲಿ ಲೋಕವೇ ಆನ್‌ಲೈನ್ ಆಗಿದ್ದರಿಂದ ಬಂದ ಸುಗ್ಗಿ ಅದು. ನಮ್ಮ ಮಕ್ಕಳಲ್ಲಿ ಹಲವರು ಆ ಸುಗ್ಗಿ ನೋಡಿಯೇ ಸೀಟು ಆರಿಸಿದರು. ಅವರು ಹೊರಗೆ ಬರುವಾಗ ಗದ್ದೆ ಒಣಗಿತ್ತು. 2023-24ರಲ್ಲಿ ಇನ್ಫೋಸಿಸ್ ತೆಗೆದುಕೊಂಡ ಹೊಸಬರು 11,900 ಮಾತ್ರ, ಆ ವರ್ಷ ಅದರ ಒಟ್ಟು ಸಿಬ್ಬಂದಿಯೇ 25 ಸಾವಿರಕ್ಕಿಂತ ಹೆಚ್ಚು ಇಳಿಯಿತು. 2023ರ ಆರಂಭದಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ಕೊಡುತ್ತೇವೆ ಎಂದಿದ್ದ ಹುಡುಗರಿಗೆ 3.5 ಲಕ್ಷಕ್ಕೆ ಒಪ್ಪುತ್ತೀರಾ ಅಂತ ಕೇಳಿತು. ಇನ್ಫೋಸಿಸ್‌ನಿಂದ ಆಫರ್ ಪತ್ರ ಸಿಕ್ಕಿದ 2022ರ ಬ್ಯಾಚಿನ ಮಕ್ಕಳು ಎರಡು ವರ್ಷ ಕಾದು ಸೇರಿದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು 2025ರ ಫೆಬ್ರವರಿಯಲ್ಲಿ ಮೈಸೂರು ಕ್ಯಾಂಪಸ್‌ನಿಂದ ಕಳಿಸಿದರು. ಮೂರು ಅವಕಾಶದಲ್ಲೂ ಪರೀಕ್ಷೆ ಪಾಸಾಗಲಿಲ್ಲ ಎಂದು ಕಂಪೆನಿ ಹೇಳಿತು. ಹೀಗಿರುವಾಗ ಮನೆಯಲ್ಲಿ ಕೂತವನನ್ನೆಲ್ಲ ಉದಾಸೀನದವನು ಅನ್ನುವುದು ನ್ಯಾಯ ಅಲ್ಲ.

ಇನ್ನೊಂದು ಬದಲಾವಣೆಯೂ ಉಂಟು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸ, ಅಂದರೆ ಒಂದು ಫಾರ್ಮ್ ಮಾಡುವುದು, ಸಣ್ಣ ತಪ್ಪು ಸರಿಪಡಿಸುವುದು, ಪರೀಕ್ಷಿಸಿ ನೋಡುವುದು, ಇದರಲ್ಲಿ ಬಹಳಷ್ಟನ್ನು ಈಗ ಯಂತ್ರವೇ ಬರೆದು ಕೊಡುತ್ತದೆ. ಹಾಗಾಗಿ ಕಂಪೆನಿಯವರಿಗೆ ಬೇಕಾದದ್ದು ಬರೆಯುವವನಿಗಿಂತ ಹೆಚ್ಚಾಗಿ, ಯಂತ್ರ ಬರೆದದ್ದು ಸರಿಯಾ ತಪ್ಪಾ ಅಂತ ಹೇಳಬಲ್ಲವನು.

ಸಂದರ್ಶನದ ರೀತಿ ಬದಲಾದದ್ದು ಇದರಿಂದಲೇ. ಅಂಕಪಟ್ಟಿ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ "ನೀನು ಮಾಡಿದ ಪ್ರಾಜೆಕ್ಟ್ ತೋರಿಸು, ಈ ಸಾಲು ಯಾಕೆ ಬರೆದೆ, ಇದನ್ನು ತೆಗೆದರೆ ಏನಾಗುತ್ತದೆ" ಅಂತ ಕೇಳುತ್ತಾರೆ. ಮದ್ರಸದಲ್ಲಿ ಹಿಫ್ಝ್ ಮಾಡುವ ಮಕ್ಕಳನ್ನು ನಾವು ಪರೀಕ್ಷಿಸುವುದೂ ಹೀಗೆಯೇ. ಸೂರದ ಆರಂಭದಿಂದ ಓದು ಅನ್ನುವುದಿಲ್ಲ, ಮಧ್ಯದ ಒಂದು ಆಯತ್ ಹೇಳಿ "ಮುಂದೆ ಓದು" ಅನ್ನುತ್ತೇವೆ. ಕಂಠಪಾಠ ಇದ್ದವನು ಓದುತ್ತಾನೆ, ಇಲ್ಲದವನು ಮೇಲೆ ಫ್ಯಾನ್ ನೋಡುತ್ತಾನೆ. ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ರೆಡಿಮೇಡ್ ತಂದ ಹುಡುಗನೂ ಅಲ್ಲಿ ಫ್ಯಾನ್ ನೋಡಬೇಕಾಗುತ್ತದೆ.

ಈಗ ದಲಾಲಿಗಳ ವಿಷಯ. ಬೆಂಗಳೂರಿನ ಬಿಟಿಎಂ, ಮಾರತಹಳ್ಳಿ ಕಡೆ ತರಬೇತಿ ಕೇಂದ್ರಗಳು ಬೇಕಾದಷ್ಟು. ಕಲಿಸುವವರು ಇದ್ದಾರೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಬೇಡ. ಆದರೆ ಕೆಲವರ ವ್ಯಾಪಾರ ಬೇರೆ. "ಫ್ರೆಷರ್ ಅಂದರೆ ಯಾರೂ ಕೇಳುವುದಿಲ್ಲ, ಎರಡು ವರ್ಷದ ಅನುಭವ ಉಂಟು ಅಂತ ಸರ್ಟಿಫಿಕೇಟ್ ಮಾಡಿ ಕೊಡುತ್ತೇವೆ, ಒಂದೂವರೆಯೋ ಎರಡೋ ಲಕ್ಷ ಆಗುತ್ತದೆ." ಇದನ್ನು ಕೇಳಿ ಉಳಿದ ಬಂಗಾರವನ್ನೂ ಅಡವಿಡಲು ಹೊರಟ ತಾಯಂದಿರು "ಉಸ್ತಾದರೇ, ಮಗನ ಕೆಲಸ ಆಗಿದೆ, ದುಆ ಮಾಡಿ" ಅಂತ ಬಂದು ಹೇಳುತ್ತಾರೆ. ಏನು ಕೆಲಸ ಅಂತ ಬಿಡಿಸಿ ಕೇಳಿದರೆ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲ.

ಆ ಕಾಗದ ಎಲ್ಲಿ ಸಿಕ್ಕಿಬೀಳುತ್ತದೆ ಅಂದರೆ ಪಿಎಫ್‌ನಲ್ಲಿ. ಪಿಎಫ್ ಇರುವ ಪ್ರತಿ ನೌಕರನಿಗೆ ಯುಎಎನ್ ಅಂತ ಒಂದು ನಂಬರ್ ಇರುತ್ತದೆ. ಯಾವ ಕಂಪೆನಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಎಲ್ಲ ಅದರಲ್ಲಿ ದಾಖಲು. ಸೇರುವಾಗ ಅಥವಾ ಸೇರಿ ಕೆಲವು ತಿಂಗಳಲ್ಲಿ ದೊಡ್ಡ ಕಂಪೆನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಎರಡು ವರ್ಷ ದುಡಿದೆ ಅಂದವನ ಲೆಕ್ಕದಲ್ಲಿ ಒಂದು ರೂಪಾಯಿ ಪಿಎಫ್ ಇಲ್ಲ ಅಂದರೆ ಪ್ರಶ್ನೆ ಶುರು. ಕೆಲವು ದಲಾಲಿಗಳು ಇನ್ನೂ ಜಾಣರು, ನಿಮ್ಮದೇ ಹಣದಿಂದ ಪಿಎಫ್ ಕಟ್ಟಿ ತೋರಿಸುತ್ತಾರೆ. ಅದಕ್ಕೂ ಮದ್ದು ಉಂಟು: ಇಂಥ ಬೋರ್ಡ್ ಮಾತ್ರ ಇರುವ ಕಂಪೆನಿಗಳ ಹೆಸರುಗಳ ಪಟ್ಟಿಯನ್ನು ಐಟಿ ಸಂಸ್ಥೆಗಳು ಇಟ್ಟುಕೊಂಡಿರುತ್ತವೆ. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಇದೇ ರೀತಿಯ ಸುಳ್ಳು ಅನುಭವ ಪತ್ರ ಕೊಟ್ಟು ಸೇರಿದವರನ್ನು ಭಾರತದಲ್ಲಿ ಕೆಲಸದಿಂದ ತೆಗೆದದ್ದಾಗಿ ಹೇಳಿತು. ದಲಾಲಿಗೆ ಏನೂ ಆಗುವುದಿಲ್ಲ ಮಾರಾಯ್ರೆ, ಹೋಗುವುದು ಹುಡುಗನ ಹೆಸರು. ಮುಂದೆ ಸತ್ಯವಾಗಿ ದುಡಿದರೂ ಆ ಎರಡು ವರ್ಷದ ಸುಳ್ಳನ್ನು ಪ್ರತಿ ಬಯೋಡೇಟಾದಲ್ಲಿ ಹೊತ್ತುಕೊಂಡೇ ತಿರುಗಬೇಕು. ಸುಳ್ಳು ಸಾಕ್ಷ್ಯ ದೊಡ್ಡ ಪಾಪಗಳಲ್ಲಿ ಒಂದು ಅಂತ ಮದ್ರಸದಲ್ಲಿ ಕಲಿತ ಮಗುವಿಗೆ ಬಾಪನೇ ಹಣ ಕೊಟ್ಟು ಇದನ್ನು ಮಾಡಿಸುವುದು ಎಂಥದ್ದು?

ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸೋಣ ಅನ್ನುವವರೂ ಇದ್ದಾರೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಸಾಫ್ಟ್‌ವೇರ್ ಕೆಲಸಕ್ಕೆ ಅಲ್ಲಿಯವರು ಸಾಮಾನ್ಯವಾಗಿ ಅನುಭವ ಇದ್ದವರನ್ನೇ ಕೇಳುತ್ತಾರೆ. ಅಂಗಡಿಗೆ ಹುಡುಗನನ್ನು ಸೇರಿಸಿದ ಹಾಗೆ ಇದು ಆಗ್ಲಿಕ್ಕಿಲ್ಲ.

ಆದರೆ ಅಂಗಡಿಯ ಆ ಪದ್ಧತಿಯಲ್ಲೇ ನಮಗೆ ಒಂದು ದಾರಿ ಉಂಟು. ನಮ್ಮವರು ಬಂದರಿನಲ್ಲಿ, ಮುಂಬೈಯಲ್ಲಿ, ಜಿದ್ದಾದಲ್ಲಿ ಕಾಲೂರಿದ್ದು ಒಬ್ಬ ಇನ್ನೊಬ್ಬನ ಕೈಹಿಡಿದು ಕರೆದುಕೊಂಡು ಹೋದದ್ದರಿಂದ. ಐಟಿ ಕಂಪೆನಿಗಳಲ್ಲೂ ಇದು ಇದೆ, ರೆಫರಲ್ ಅಂತ ಹೆಸರು. ಒಳಗೆ ಇರುವ ನೌಕರ "ಈ ಹುಡುಗನನ್ನು ನೋಡಿ" ಅಂತ ಹೆಸರು ಕೊಟ್ಟರೆ ಸಾವಿರಾರು ಅರ್ಜಿಗಳ ರಾಶಿಯಲ್ಲಿ ಅವನ ಅರ್ಜಿಯನ್ನು ಯಾರಾದರೂ ತೆರೆದು ನೋಡುವ ಸಂಭವ ಹೆಚ್ಚು. ಅಷ್ಟೇ, ಕೆಲಸ ಅಲ್ಲಿಗೆ ಖಾತ್ರಿ ಅಲ್ಲ. ಕೆಲಸ ಅವನೇ ಗೆಲ್ಲಬೇಕು. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ನಮ್ಮ ಇಂಜಿನಿಯರುಗಳು ಈಗ ಕಡಿಮೆ ಇಲ್ಲ. ಆದರೆ ಒಂದು ಮೊಹಲ್ಲಾದ ಹುಡುಗನಿಗೆ ಪಕ್ಕದ ಮೊಹಲ್ಲಾದ ಸೀನಿಯರ್ ಯಾರು ಅಂತ ಗೊತ್ತಿಲ್ಲ. ಗೊತ್ತಿದ್ದರೂ ಕೇಳಲು ಸಂಕೋಚ.

ತೋರಿಸಲು ಏನಾದರೂ ಇದ್ದರೆ ತಾನೇ ಕೇಳುವುದು ಅನ್ನಬಹುದು. ಇರಲಿಕ್ಕೆ ದೊಡ್ಡದು ಬೇಡ. ಜಮಾಅತ್‌ನ ತಿಂಗಳ ವಂತಿಗೆ ಈಗಲೂ ಎಷ್ಟೋ ಕಡೆ ಉದ್ದ ಪುಸ್ತಕದಲ್ಲೇ ಬರೆಯುತ್ತಾರೆ. ಯಾರು ಎಷ್ಟು ತಿಂಗಳು ಬಾಕಿ ಅಂತ ನೋಡಲು ಕಾರ್ಯದರ್ಶಿ ಕನ್ನಡಕ ಹಾಕಿ ಅರ್ಧ ಗಂಟೆ ಪುಟ ತಿರುವಬೇಕು. ಅದಕ್ಕೊಂದು ಸಣ್ಣ ಸಾಫ್ಟ್‌ವೇರ್ ಮಾಡಿ, ನಿಜವಾದ ಕಾರ್ಯದರ್ಶಿ ಮೂರು ತಿಂಗಳು ಬಳಸಿ, ಬೈದು, ಸರಿ ಮಾಡಿಸಿಕೊಂಡರೆ, ಸಂದರ್ಶನದಲ್ಲಿ ಹುಡುಗನಿಗೆ ಹೇಳಲು ತನ್ನದೇ ಕಥೆ ಇರುತ್ತದೆ. ಗಿಟ್‌ಹಬ್ ಎಂಬ ತಾಣದಲ್ಲಿ ಅದನ್ನು ಪುಕ್ಕಟೆಯಾಗಿ ಇಡಬಹುದು, ನೋಡುವವರು ಅಲ್ಲೇ ನೋಡುತ್ತಾರೆ. ಸದಸ್ಯರ ಹೆಸರು, ಹಣದ ವಿವರ ಮಾತ್ರ ಅಲ್ಲಿ ಹಾಕಬಾರದು.

ಸಂಬಳದ ಬಗ್ಗೆ ಮನೆಯವರು ಒಂದು ಮಾತು ತಿಳಿಯಬೇಕು. ದೊಡ್ಡ ಕಂಪೆನಿಗಳ ಆರಂಭದ ಸಂಬಳ ಹತ್ತು ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಮಂಗಳೂರಿನ ಸಣ್ಣ ಕಂಪೆನಿಗಳಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು. "ಇಷ್ಟಕ್ಕೆ ಇಂಜಿನಿಯರಿಂಗ್ ಯಾಕೆ ಓದಿಸಿದ್ದು, ರಿಯಾದಿನ ಸೂಪರ್ ಮಾರ್ಕೆಟಿನಲ್ಲಿರುವ ತಮ್ಮ ಇದಕ್ಕಿಂತ ಹೆಚ್ಚು ಕಳಿಸುತ್ತಾನೆ" ಅಂತ ಬಾಪ ಹೇಳಿಬಿಟ್ಟರೆ ಹುಡುಗ ಬಂದ ಕೆಲಸವನ್ನೂ ಬಿಡುತ್ತಾನೆ. ಮನೆಯಿಂದ ಹೋಗಿ ಬರುವ ಆ ಸಣ್ಣ ಕೆಲಸದ ಎರಡು ವರ್ಷವೇ ದಲಾಲಿ ಎರಡು ಲಕ್ಷಕ್ಕೆ ಮಾರುವ "ಅನುಭವ", ಆದರೆ ಅಸಲಿ. ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಚೆನ್ನಾಗಿ ಓದಿದ ಹುಡುಗಿಯನ್ನು ಬೆಂಗಳೂರಿನ ಪಿಜಿಗೆ ಕಳಿಸಲು ಮನೆಯವರು ಒಪ್ಪುವುದಿಲ್ಲ, ಊರಿನ ಕೆಲಸವನ್ನು ಸಂಬಳ ಕಡಿಮೆ ಅಂತ ಬೇಡ ಅನ್ನುತ್ತಾರೆ. ಹಾಗಾದರೆ ಆಕೆ ಓದಿದ್ದು ಎಲ್ಲಿಗೆ?

ಕಾಯುವ ಕಾಲಕ್ಕೆ ಸರಕಾರದ ಯುವನಿಧಿ ಉಂಟು, ಪದವೀಧರರಿಗೆ ತಿಂಗಳಿಗೆ 3,000 ರೂ., ಎರಡು ವರ್ಷದವರೆಗೆ. ಅರ್ಹರು ಸಂಕೋಚಪಡದೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಲಿ, ಇಂಟರ್‌ನೆಟ್ ಖರ್ಚಾದರೂ ಹೊರಡುತ್ತದೆ.

ಪೆರ್ನಾಲ್‌ಗೆ ಬೆಂಗಳೂರಿನಲ್ಲಿರುವವರೆಲ್ಲ ಊರಿಗೆ ಬರುತ್ತಾರೆ. ಜಮಾಅತ್ ಸಮಿತಿಯವರು ಅವರಲ್ಲಿ ನಾಲ್ಕು ಮಂದಿಯನ್ನು ಎರಡನೇ ದಿನ ಎರಡು ಗಂಟೆ ಮದ್ರಸಕ್ಕೆ ಕರೆಸಲಿ. ಸನ್ಮಾನ ಬೇಡ, ಶಾಲು ಬೇಡ, ಭಾಷಣ ಬೇಡ. ಕೆಲಸ ಹುಡುಕುವ ಹುಡುಗರು, ಹುಡುಗಿಯರು ತಮ್ಮ ಲ್ಯಾಪ್‌ಟಾಪ್ ತರಲಿ, ಮಾಡಿದ್ದನ್ನು ತೋರಿಸಲಿ, ಸೀನಿಯರ್‌ಗಳು ಕಂಪೆನಿಯಲ್ಲಿ ಕೇಳುವ ಹಾಗೆಯೇ ಕೇಳಲಿ. ಹುಡುಗಿಯರಿಗೆ ಪಕ್ಕದ ಕೋಣೆಯಲ್ಲಿ, ಸಾಧ್ಯವಾದರೆ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳೇ ಕೇಳಲಿ. ರಜೆಯ ದಿನ ತರಗತಿ ಖಾಲಿಯೇ ಇರುತ್ತದೆ, ಬೀಗದ ಕೈ ನಮ್ಮಲ್ಲೇ ಉಂಟು.