ಚಿಪ್ಪು ಎತ್ತಿದವನ ಅಪರಾಧ

ಅಂಡಮಾನಿನಿಂದ ಹಿಂದಿರುಗುವ ದಿನ ಬಂದರಿನಲ್ಲಿ ನಮ್ಮ ಚೀಲಗಳ ತಪಾಸಣೆಯಾಯಿತು. ನನ್ನ ಜೊತೆ ಬಂದಿದ್ದವನು ನನ್ನ ಹಳೆಯ ಶಿಷ್ಯ. ಈಗ ಗಾರೆ ಕೆಲಸ ಮಾಡುತ್ತಾನೆ, ಎರಡು ಮಕ್ಕಳ ತಂದೆ. ಅವನ ಬೆನ್ನಚೀಲದ ತಳದಲ್ಲಿ ಮಡಿಸಿಟ್ಟ ಟವೆಲಿನೊಳಗಿಂದ ಒಂದು ಚಿಪ್ಪು ಹೊರಬಂತು. ಅಂಗೈಯಗಲದ್ದು, ಒಳಗೆ ಗುಲಾಬಿ ಬಣ್ಣದ್ದು. ಮಗಳಿಗೆಂದು ಎತ್ತಿಟ್ಟುಕೊಂಡಿದ್ದ. ತಪಾಸಣೆಯವರು ಬೈಯಲಿಲ್ಲ, ದಂಡ ಹಾಕಲಿಲ್ಲ. ಅದನ್ನು ತೆಗೆದು ಪಕ್ಕದ ಡಬ್ಬದೊಳಕ್ಕೆ ಹಾಕಿದರು, ಅಷ್ಟೇ. ಡಬ್ಬದಲ್ಲಿ ಆಗಲೇ ಚಿಪ್ಪುಗಳೂ ಹವಳದ ತುಂಡುಗಳೂ ಅರ್ಧಕ್ಕೆ ತುಂಬಿದ್ದವು.

"ಮೇಷ್ಟ್ರೇ, ಅದು ಸತ್ತ ಚಿಪ್ಪು. ಯಾರಿಗೇನು ನಷ್ಟ?" ಎಂದು ಹಡಗಿನಲ್ಲಿ ಒಂದು ದಿನವೆಲ್ಲ ಗೊಣಗಿದ.

ನಷ್ಟವಿದೆ. ಆ ಕಡಲ ದಂಡೆಗಳಲ್ಲಿ ಸನ್ಯಾಸಿ ಏಡಿ ಎಂಬ ಪ್ರಾಣಿಯುಂಟು. ಅದರ ಬೆನ್ನಭಾಗ ಬರೀ ಮೆತ್ತಗಿನ ಮಾಂಸ. ಸತ್ತ ಶಂಖದ ಖಾಲಿ ಚಿಪ್ಪಿನೊಳಗೆ ಹೊಕ್ಕು ಬದುಕುತ್ತದೆ. ಬೆಳೆದಂತೆಲ್ಲ ಹಳೆಯ ಮನೆ ಬಿಟ್ಟು ದೊಡ್ಡ ಮನೆ ಹುಡುಕುತ್ತದೆ. ಮನೆ ಸಿಗದಿದ್ದರೆ ಬಿಸಿಲಿಗೂ ಹಕ್ಕಿಗೂ ತುತ್ತು. ನಾವು ಕಿಸೆಗೆ ಹಾಕಿಕೊಳ್ಳುವ ಪ್ರತಿಯೊಂದು ಚಿಪ್ಪೂ ಒಬ್ಬ ಬಾಡಿಗೆದಾರನ ಮನೆ. ಮನೆಯಿಲ್ಲದವನ ಕಷ್ಟ ನಮ್ಮ ಗಾರೆ ಕೆಲಸದವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹವಳ, ಕಡಲ ಸೌತೆ, ದೊಡ್ಡ ಕಪ್ಪೆಚಿಪ್ಪು ಮೊದಲಾದವನ್ನು 2001ರಲ್ಲಿ 1972ರ ವನ್ಯಜೀವಿ ರಕ್ಷಣಾ ಕಾಯಿದೆಯೊಳಗೆ ಸೇರಿಸಿದರು. ಹವಳಕ್ಕೆ ಹುಲಿಗಿರುವಷ್ಟೇ ರಕ್ಷಣೆ. ಒಳ್ಳೆಯ ಕಾಯಿದೆ. ನನ್ನ ಶಿಷ್ಯನ ಚಿಪ್ಪು ಡಬ್ಬಕ್ಕೆ ಬಿದ್ದದ್ದು ನ್ಯಾಯವೇ ಎಂದು ನಾನು ಅವನಿಗೆ ಹೇಳಿದೆ. ಆದರೆ ಈ ನ್ಯಾಯ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಓದುಗರ ಮುಂದಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಹೋದದ್ದು ಬಡವರು ಹೋಗಬಹುದಾದ ದಾರಿಯಲ್ಲಿ. ಚೆನ್ನೈಯಿಂದ ಹಡಗಿನ ಕೆಳ ಅಂತಸ್ತಿನಲ್ಲಿ ಸುಮಾರು ಮೂರು ದಿನ. ಪೋರ್ಟ್ ಬ್ಲೇರಿನಿಂದ (2024ರ ಸೆಪ್ಟೆಂಬರಿನಿಂದ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರು) ಹ್ಯಾವ್‌ಲಾಕಿಗೆ ಸರ್ಕಾರದ ದೋಣಿ. ಅದೇ ದಾರಿಯಲ್ಲಿ ಖಾಸಗಿಯವರ ತಂಪು ಗಾಳಿಯ ವೇಗದ ದೋಣಿಗಳೂ ಓಡುತ್ತವೆ; ಒಂದು ಗಂಟೆ ಉಳಿಯುತ್ತದೆ, ದರ ಹಲವು ಪಟ್ಟು. ಸರ್ಕಾರದ ದೋಣಿಯಲ್ಲಿ ಕುಳಿತವರು ದ್ವೀಪದವರೇ: ಆಸ್ಪತ್ರೆಗೆ ಹೋಗಿ ಬಂದ ಮುದುಕಿ, ಕೋಳಿ ಬುಟ್ಟಿ, ಅಡಿಕೆ ಮೂಟೆ, ಪರೀಕ್ಷೆ ಬರೆದು ಬರುವ ಹುಡುಗರು. ಒಂದು ನಾಡಿನ ಸುದ್ದಿ ತಿಳಿಯಬೇಕಾದರೆ ಅದರ ಬಡವರ ವಾಹನದಲ್ಲಿ ಕೂರಬೇಕು. ಬೆನ್ನಿಗೆ ಚೀಲ ಕಟ್ಟಿಕೊಂಡು ತಿರುಗುವ ಹುಡುಗ ಹುಡುಗಿಯರನ್ನು ಕಂಡರೆ ಈಗಿನ ಪ್ರವಾಸೋದ್ಯಮದ ಧಣಿಗಳಿಗೆ ತಾತ್ಸಾರ. ಖರ್ಚು ಮಾಡುವುದಿಲ್ಲವಂತೆ. ಅವರು ಖರ್ಚು ಮಾಡುವ ಹತ್ತು ರೂಪಾಯಿಯಲ್ಲಿ ಎಂಟು ರೂಪಾಯಿ ಚಹಾದಂಗಡಿಯವನಿಗೂ ಕೋಣೆ ಬಾಡಿಗೆ ಕೊಡುವ ರೈತನಿಗೂ ಸೇರುವುದನ್ನು ನಾನು ಕಣ್ಣಾರೆ ಕಂಡೆ.

ಹ್ಯಾವ್‌ಲಾಕ್ ಎಂಬುದು 1857ರ ದಂಗೆಯನ್ನು ತುಳಿದ ಇಂಗ್ಲಿಷ್ ಸೇನಾಪತಿಯ ಹೆಸರು. ಪಕ್ಕದ ನೀಲ್ ದ್ವೀಪಕ್ಕೂ ಅಂಥವನೊಬ್ಬನದೇ ಹೆಸರು. ಸುಭಾಷರು 1943ರ ಡಿಸೆಂಬರಿನಲ್ಲಿ ಈ ದ್ವೀಪ ಸಮೂಹಗಳಿಗೆ ಶಹೀದ್, ಸ್ವರಾಜ್ ಎಂಬ ಹೆಸರುಗಳನ್ನು ಸೂಚಿಸಿದ್ದರು. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಸಂತೋಷ. ಆದರೆ ಅಲ್ಲಿಯ ಊರುಗಳಿಗೆ ಹೆಸರಿಟ್ಟವರು ಸೇನಾಪತಿಗಳೂ ಅಲ್ಲ, ಮಂತ್ರಿಗಳೂ ಅಲ್ಲ. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ನಿರಾಶ್ರಿತರು ಅಲ್ಲಿ ಕಾಡು ಕಡಿದು ಗದ್ದೆ ಮಾಡಿದರು. ಹ್ಯಾವ್‌ಲಾಕಿನಲ್ಲಿ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ; ನೀಲಿನಲ್ಲಿ ಸೀತಾಪುರ, ಭರತಪುರ, ಲಕ್ಷ್ಮಣಪುರ. ಎಲ್ಲ ಕಳೆದುಕೊಂಡು ಬಂದವರು ಜೊತೆಗೆ ತಂದದ್ದು ದೇವರ ಹೆಸರುಗಳನ್ನು ಮಾತ್ರ. ಪ್ರವಾಸಿಗಳು ಆ ಹೆಸರುಗಳನ್ನೂ ಬಿಟ್ಟು ಮೂರನೆಯ ನಂಬರು, ಐದನೆಯ ನಂಬರು, ಏಳನೆಯ ನಂಬರು ದಂಡೆ ಎನ್ನುತ್ತಾರೆ, ಕೈದಿಗಳನ್ನು ಕರೆದ ಹಾಗೆ!

ಏಳನೆಯ ನಂಬರಿನ ರಾಧಾನಗರವನ್ನು ಅಮೆರಿಕದ ಒಂದು ಪತ್ರಿಕೆ 2004ರಲ್ಲಿ ಏಷ್ಯಾಕ್ಕೇ ಉತ್ತಮವೆಂದು ಹೊಗಳಿತು. ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರು. ನಡೆದೇ ಹೋದೆವು. ಬಿಳಿ ಮರಳು, ಹಿಂದೆ ನೂರಡಿ ಎತ್ತರದ ಮರಗಳು, ಚೆಲುವಿನಲ್ಲಿ ಸಂದೇಹವಿಲ್ಲ. 2010ರಲ್ಲಿ ಅದರ ಪಕ್ಕದ ಕೊಲ್ಲಿಯಲ್ಲೇ ಒಬ್ಬ ವಿದೇಶಿ ಮಹಿಳೆ ಮೊಸಳೆಗೆ ಬಲಿಯಾದದ್ದರಿಂದ ನೀರಿಗಿಳಿಯುವ ಜಾಗದ ಬಗ್ಗೆ ಎಚ್ಚರಿಕೆಯಿದೆ. ಹಗಲು ನೊಣಕ್ಕಿಂತ ಸಣ್ಣದಾದ ಮರಳು ನೊಣ ಕಚ್ಚುತ್ತದೆ. ನನ್ನ ಕಾಲುಗಳು ಒಂದು ವಾರ ತುರಿಸಿದವು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಪೂರ್ವದ ಕಡೆಯ ದಂಡೆಗಳು. ಇಳಿತದ ಹೊತ್ತಿಗೆ ನೀರು ದೂರ ದೂರಕ್ಕೆ ಸರಿದು ಬಂಡೆಗಳ ನಡುವೆ ಸಣ್ಣ ಸಣ್ಣ ಗುಂಡಿಗಳನ್ನು ಬಿಟ್ಟು ಹೋಗುತ್ತದೆ. ಒಂದೊಂದು ಗುಂಡಿಯೂ ಒಂದೊಂದು ಸಂಸಾರ: ನಕ್ಷತ್ರ ಮೀನು, ಕಪ್ಪು ಮುಳ್ಳಿನ ಉಂಡೆ, ಹೊಗೆಸೊಪ್ಪಿನ ಸುರುಳಿಯಂತೆ ಬಿದ್ದಿರುವ ಕಡಲ ಸೌತೆ, ಕಾಲಿಟ್ಟ ಕೂಡಲೆ ಮಾಯವಾಗುವ ಏಡಿಮರಿ. ಕಡಲ ಸೌತೆಗೆ ಚೀನಾದ ಮಾರುಕಟ್ಟೆಯಲ್ಲಿ ಬೆಲೆಯುಂಟು. ಕಳ್ಳದೋಣಿಗಳು ಅದಕ್ಕಾಗಿಯೇ ಬರುತ್ತವೆ. ಅದು ಮಾಡುವ ಕೆಲಸ ಮಾತ್ರ ನಮ್ಮ ಎರೆಹುಳುವಿನದು, ಕಸ ತಿಂದು ಮರಳನ್ನು ಚೊಕ್ಕ ಮಾಡುವುದು.

ಇಲ್ಲಿ ಒಂದು ತಪ್ಪೊಪ್ಪಿಗೆ. ನಾನು ಎಂಟು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವನು. ಹವಳದ ದಿಬ್ಬವೆಂದರೆ ಒಂದು ಬಗೆಯ ಸುಣ್ಣದ ಕಲ್ಲು ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗಿಬಿಡುತ್ತಿದ್ದೆ. ಕಡಲು ನೋಡದ ಬಯಲುಸೀಮೆಯ ಮೇಷ್ಟ್ರು ಇನ್ನೇನು ಹೇಳಿಯಾನು! ಅಲ್ಲಿ ಮುಖಕ್ಕೆ ಗಾಜು ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ಬೋರಲು ಮಲಗಿದಾಗ ಗೊತ್ತಾಯಿತು, ಅದು ಕಲ್ಲಲ್ಲ, ಪ್ರಾಣಿಗಳ ಊರು. ಸೂಜಿಮೊನೆಯಿಂದ ಕಡಲೆಕಾಳಿನ ಗಾತ್ರದವರೆಗಿನ ಸಹಸ್ರಾರು ಜೀವಿಗಳು ಸುಣ್ಣ ಕಟ್ಟಿ ಕಟ್ಟಿ ಎಬ್ಬಿಸಿದ ವಠಾರ. ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು. ಆಳೆತ್ತರದ ಹವಳವೆಂದರೆ ನಮ್ಮ ತಾತನ ತಾತನ ಕಾಲದ್ದು. ಅದಕ್ಕೆ ಬಣ್ಣವೂ ಬಹುಪಾಲು ಆಹಾರವೂ ಸಿಗುವುದು ಅದರ ಮೈಯೊಳಗೇ ವಾಸವಾಗಿರುವ ಪಾಚಿಯಿಂದ. ಬೇಸಿಗೆಯ ಹೆಚ್ಚಿನ ಕಾವಿಗಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಪಾಚಿಯನ್ನು ಹೊರದೂಡಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಕಾವು ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನಲ್ಲಿ 1998ರಲ್ಲಿ ಹೀಗಾಯಿತು, 2010ರಲ್ಲಿ ಆಯಿತು, 2016ರಲ್ಲಿ ಮತ್ತೆ ಆಯಿತು. ಗಿಳಿಯಂಥ ಕೊಕ್ಕಿನ ಮೀನೊಂದು ಹವಳದ ಕಲ್ಲನ್ನು ಕಟಕಟನೆ ಕಡಿದು ಮೇಯುವ ಸದ್ದನ್ನು ನೀರೊಳಗೆ ಕಿವಿಯಾರೆ ಕೇಳಿದೆ. ಅದು ಅರೆದು ಹೊರಹಾಕಿದ ಪುಡಿಯೇ ಆ ಬಿಳಿ ಮರಳಿನ ಒಂದು ಪಾಲು. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಪತ್ರಿಕೆಯವರು ಹೊಗಳಿದ ದಂಡೆಯ ಕೂಲಿಯಾಳು ಅದು.

ಆನೆ ದಂಡೆ ಎಂಬಲ್ಲಿ ದಿನವೂ ದೋಣಿ ದೋಣಿಯಾಗಿ ಜನ ಬಂದು ಇಳಿಯುತ್ತಾರೆ. ಈಜು ಬಾರದವರು ರಬ್ಬರಿನ ಬಳೆ ಹಿಡಿದು ತೇಲುತ್ತಾ ದಣಿದಾಗ ಸಿಕ್ಕಿದ್ದರ ಮೇಲೆ ಕಾಲೂರುತ್ತಾರೆ. ಸಿಕ್ಕುವುದು ಹವಳವೇ. ನಾನೂ ಗಾಬರಿಯಲ್ಲಿ ಒಂದು ಸಲ ಕಾಲೂರಿದೆ. ಕಾಲ ಕೆಳಗೆ ಲಟಕ್ಕೆಂದಿತು. ಐದಾರು ವರ್ಷದ ಬೆಳೆ ನನ್ನ ಹಿಮ್ಮಡಿಗೆ ಹೋಯಿತು. ಕರೆದೊಯ್ದಿದ್ದ ಬಂಗಾಳಿ ಹುಡುಗ ಏನೂ ಅನ್ನಲಿಲ್ಲ, ಮುಖ ಮಾತ್ರ ಸಣ್ಣದು ಮಾಡಿಕೊಂಡ. ಬಡ ಪ್ರವಾಸಿ ಎಂದ ಮಾತ್ರಕ್ಕೆ ಪುಣ್ಯವಂತನಲ್ಲ. ಬರುವವರ ಸಂಖ್ಯೆಗೆ ಮಿತಿ ಬೇಕು, ನೀರಿಗಿಳಿಯುವ ಮೊದಲು ಅರ್ಧ ಗಂಟೆ ಪಾಠ ಬೇಕು, ಕೆಲವು ದಿಬ್ಬಗಳಿಗೆ ವರ್ಷಗಟ್ಟಲೆ ರಜೆ ಬೇಕು. ಆ ಮಿತಿಯನ್ನು ಹಣದ ಚೀಲದಿಂದ ಅಳೆಯಕೂಡದು ಎಂಬುದಷ್ಟೇ ನನ್ನ ವಾದ. ದುಬಾರಿ ಹೋಟೆಲಿನ ಒಬ್ಬ ಅತಿಥಿಗೆ ಸ್ನಾನದ ತೊಟ್ಟಿ, ಈಜುಕೊಳ, ಹುಲ್ಲುಹಾಸು ಎಲ್ಲಕ್ಕೂ ಸಿಹಿನೀರು ಬೇಕು. ಕಡಲು ಪಕ್ಕದಲ್ಲೇ ಇರುವಾಗ ಈಜುಕೊಳವೇಕೆಂದು ಕೇಳಬೇಡಿ, ಅದು ದೊಡ್ಡವರ ವಿಚಾರ. ದ್ವೀಪಕ್ಕೆ ಹಿಮಾಲಯದ ಹೊಳೆಯಿಲ್ಲ. ಮಳೆ ಬಿದ್ದದ್ದೇ ನೀರು. ಬೇಸಿಗೆ ಬಂತೆಂದರೆ ಊರಿನವರಿಗೆ ನೀರಿನ ಪಡಿತರ. ಬಕೆಟ್ಟಿನಲ್ಲಿ ಸ್ನಾನ ಮಾಡುವವನನ್ನು ಬೇಡವೆಂದು ತೊಟ್ಟಿಯಲ್ಲಿ ಮಲಗುವವನನ್ನು ಕರೆಯುವುದಕ್ಕೆ ಪರಿಸರ ರಕ್ಷಣೆ ಎಂಬ ಹೆಸರು ಕೊಟ್ಟರೆ ನಂಬುವುದು ಹೇಗೆ?

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನನ್ನ ಶಿಷ್ಯನ ಚಿಪ್ಪು ಬಿದ್ದ ಆ ಡಬ್ಬದಿಂದ ದಕ್ಷಿಣಕ್ಕೆ ಸುಮಾರು ಐನೂರು ಕಿಲೋಮೀಟರು ದೂರದಲ್ಲಿ, ಇದೇ ಆಡಳಿತದ ಕೈಕೆಳಗೆ, ಗ್ರೇಟ್ ನಿಕೋಬಾರ್ ದ್ವೀಪವಿದೆ. ಅದರ ತುದಿಯಲ್ಲಿ ಗಲಾಥಿಯಾ ಕೊಲ್ಲಿ. ನಾವು ಅಲ್ಲಿಗೆ ಹೋಗಲಿಲ್ಲ. ಬುಡಕಟ್ಟಿನವರ ನೆಲಕ್ಕೆ ಹೊರಗಿನವರು ಹೋಗದಿರುವುದೇ ಒಳ್ಳೆಯದು. ತೊಗಲು ಬೆನ್ನಿನ ಕಡಲಾಮೆ, ಲೋಕದ ಕಡಲಾಮೆಗಳಲ್ಲೆಲ್ಲ ದೊಡ್ಡದು, ಐನೂರು ಕಿಲೋ ತೂಗುವಂಥದ್ದು, ಮೊಟ್ಟೆಯಿಡಲು ಆ ಮರಳಿಗೆ ಬರುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲಿಟಲ್ ಅಂಡಮಾನಿನಲ್ಲಿ ಇದೇ ಜಾತಿಯ ಆಮೆಗಳ ಬೆನ್ನಿಗೆ ಸಂಜ್ಞೆ ಕಳಿಸುವ ಯಂತ್ರ ಕಟ್ಟಿ ಬಿಟ್ಟರು. ಕೆಲವು ಆಸ್ಟ್ರೇಲಿಯಾದ ಕಡೆಗೆ ಹೋದವು, ಕೆಲವು ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಈಜಿ ಆಫ್ರಿಕಾದ ಕಡೆಗೆ ಹೋದವು. ಬೆನ್ನಿಗೆ ಚೀಲ ಕಟ್ಟಿದ ನಿಜವಾದ ಸಂಚಾರಿ ಎಂದರೆ ಇದೇ ಇರಬೇಕು.

1997ರಲ್ಲಿ ಆ ಕೊಲ್ಲಿಯನ್ನು ಅಭಯಾರಣ್ಯವೆಂದು ಸಾರಿದ್ದರು. 2021ರ ಜನವರಿಯಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡರು. ಅದೇ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಕಡಲಾಮೆಗಳ ರಕ್ಷಣೆಗೆ ಒಂದು ಯೋಜನೆ ಹೊರತಂದು, ಅದರಲ್ಲಿ ಗಲಾಥಿಯಾವನ್ನು ಆಮೆಗಳ ಮುಖ್ಯ ನೆಲೆಗಳ ಪಟ್ಟಿಯಲ್ಲಿ ಸೇರಿಸಿತು! ಬಲಗೈ ಬರೆದದ್ದು ಎಡಗೈಗೆ ಗೊತ್ತಿಲ್ಲವೋ, ಗೊತ್ತಿದ್ದೇ ಅಳಿಸಿತೋ. 2022ರ ನವೆಂಬರಿನಲ್ಲಿ ಅಲ್ಲಿ ಸರಕು ಬದಲಾಯಿಸುವ ದೊಡ್ಡ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ ಇವುಗಳಿಗೆ ಪರಿಸರ ಅನುಮತಿ ಕೊಟ್ಟರು. ಖರ್ಚಿನ ಅಂದಾಜು 72 ಸಾವಿರ ಕೋಟಿ ರೂಪಾಯಿ. ಅದಕ್ಕೆ 130 ಚದರ ಕಿಲೋಮೀಟರು ಕಾಡು. ಬದಲಿಗೆ ಗಿಡ ನೆಡುವುದೆಲ್ಲಿ? ಹರಿಯಾಣದಲ್ಲಿ. ಕೊಲ್ಲಿಯ ಹವಳವೋ? ಸರ್ಕಾರವೇ ಕೊಟ್ಟ ಲೆಕ್ಕದಂತೆ ಅಲ್ಲಿ ಕಂಡ 20,668 ಹವಳದ ಗುಂಪುಗಳಲ್ಲಿ 16,150ನ್ನು ಕಿತ್ತು ಬೇರೆ ಕಡೆ ನಾಟಿ ಮಾಡುತ್ತಾರಂತೆ, ಬತ್ತದ ಸಸಿ ನಾಟಿ ಮಾಡಿದ ಹಾಗೆ. ಒಂದು ಸತ್ತ ಚಿಪ್ಪಿಗೆ ಡಬ್ಬ. ಹದಿನಾರು ಸಾವಿರ ಜೀವಂತ ಹವಳಕ್ಕೆ ಅನುಮತಿ ಪತ್ರ.

ದೇಶದ ಸರಕು ಕೊಲಂಬೊ, ಸಿಂಗಪುರಗಳಲ್ಲಿ ಹಡಗು ಬದಲಾಯಿಸುವುದೇಕೆ, ನಮ್ಮದೇ ಬಂದರು ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆ ಕೆಲಸಕ್ಕೆಂದೇ ಕಟ್ಟಿದ ಕೇರಳದ ವಿಳಿಂಜಮ್ ಬಂದರು 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾಗಿದೆ. ಅದರ ಮೇಲೆ ಇದೂ ಎಷ್ಟು ಅವಶ್ಯ ಎಂಬ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡಲಿ. ಗಡಿ ರಕ್ಷಣೆ ಎಂದೂ ಹೇಳುತ್ತಾರೆ. ಗಡಿಗೆ ನೌಕಾಪಡೆಯ ನೆಲೆ ಬೇಕು, ಒಪ್ಪಿದೆ. ಲಕ್ಷಗಟ್ಟಲೆ ಜನರ ಹೊಸ ಪಟ್ಟಣ ಯಾವ ಗಡಿಯನ್ನು ಕಾಯುತ್ತದೆ? ಉದ್ಯೋಗದ ಮಾತಿಗೆ ನನ್ನ ಬಳಿ ಉತ್ತರಕ್ಕಿಂತ ಹಳೆಯ ನೆನಪಿದೆ. 1918ರಿಂದ ಛೋಟಾ ನಾಗಪುರದ ಆದಿವಾಸಿಗಳನ್ನು ಅಂಡಮಾನಿನ ಮರ ಕಡಿಯಲು ಹಡಗು ತುಂಬಿ ತಂದರು. ದ್ವೀಪದಲ್ಲಿ ಅವರನ್ನು ಇಂದಿಗೂ ರಾಂಚಿಯವರು ಎನ್ನುತ್ತಾರೆ. ರಸ್ತೆ ಮಾಡಿದವರು ಅವರು, ಮರ ಉರುಳಿಸಿದವರು ಅವರು. ಮೂರು ತಲೆಮಾರು ದುಡಿದೂ ಕಾಲ ಕೆಳಗಿನ ನೆಲಕ್ಕೆ ಪಟ್ಟಾ ಇಲ್ಲದ ಸಂಸಾರಗಳು ಅವರಲ್ಲಿ ಬಹಳ.

ಆ ಕೊಲ್ಲಿಯ ದಂಡೆಯಲ್ಲಿ ಜನರಿರಲಿಲ್ಲವೇ? ಇದ್ದರು. ದ್ವೀಪದ ತೆಂಕಣ ಮತ್ತು ಪಡುವಣ ಕರಾವಳಿಯಲ್ಲಿ ನಿಕೋಬಾರಿಗಳ ಹಳ್ಳಿಗಳಿದ್ದವು, ತೆಂಗಿನ ತೋಪುಗಳಿದ್ದವು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅವೆಲ್ಲ ಕೊಚ್ಚಿಹೋದವು; ಇಂದಿರಾ ಪಾಯಿಂಟಿನಲ್ಲಿ ನೆಲವೇ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಬದುಕುಳಿದವರನ್ನು ಕ್ಯಾಂಪ್‌ಬೆಲ್ ಬೇ ಹತ್ತಿರದ ಸರ್ಕಾರಿ ಮನೆಗಳಲ್ಲಿ ತಂದಿಟ್ಟರು. ತಾತ್ಕಾಲಿಕವೆಂದು ಬಂದವರು ತಮ್ಮ ಹಳ್ಳಿಗಳಿಗೆ ಮರಳಿ ಕಳಿಸಿ ಎಂದು ಕೇಳುತ್ತಲೇ ಬಂದಿದ್ದಾರೆ. ಆಮೆಗಳು ಕೊಚ್ಚಿಹೋದ ಮರಳು ಮತ್ತೆ ಕೂಡಿದ ಮೇಲೆ ಹಿಂದಿರುಗಿದವು. ಈ ಜನರಿಗೆ ಮಾತ್ರ ಇನ್ನೂ ಅಪ್ಪಣೆ ಸಿಕ್ಕಲಿಲ್ಲ. ಯೋಜನೆಗೆ ಮೊದಲು ಕೊಟ್ಟಿದ್ದ ಒಪ್ಪಿಗೆಯನ್ನು ಅವರ ಬುಡಕಟ್ಟು ಮಂಡಳಿ 2022ರ ನವೆಂಬರಿನಲ್ಲಿ ಪತ್ರ ಬರೆದು ಹಿಂತೆಗೆದುಕೊಂಡಿತು: ನಮ್ಮ ಪೂರ್ವಿಕರ ನೆಲವೂ ಇದರೊಳಗೆ ಸೇರಿದೆ ಎಂಬುದನ್ನು ನಮಗೆ ಹೇಳಿರಲಿಲ್ಲ ಎಂದು. ಮೊದಲು ಆ ಪತ್ರಕ್ಕೆ ಉತ್ತರ ಕೊಡಲಿ, ಅವರ ತೋಪುಗಳ ಗಡಿಯನ್ನು ಅವರೆದುರಿಗೇ ಗುರುತು ಮಾಡಲಿ. ಅಲ್ಲಿಯವರೆಗೆ ಕೊಲ್ಲಿಯಲ್ಲಿ ಒಂದು ಹವಳವನ್ನೂ ಮುಟ್ಟಕೂಡದು.

ಶಿಷ್ಯನಿಗೆ ಇದನ್ನೆಲ್ಲ ಹಡಗಿನ ಅಟ್ಟದ ಮೇಲೆ ಕುಳಿತು ಹೇಳಿದೆ. ಅವನು ಬಹಳ ಹೊತ್ತು ನೀರು ನೋಡುತ್ತಾ ಕುಳಿತಿದ್ದು, ಮಗಳಿಗೆ ಏನು ಕೊಂಡೊಯ್ಯಲಿ ಎಂದು ಕೇಳಿದ. ಚೆನ್ನೈಯಲ್ಲಿ ಇಳಿದು ಅವಳಿಗೆ ಒಂದು ಬಣ್ಣದ ಪೆನ್ಸಿಲಿನ ಪೆಟ್ಟಿಗೆ ಕೊಂಡೆವು. ಏಡಿಯ ಚಿತ್ರವನ್ನು ನಾನೇ ಬರೆದುಕೊಟ್ಟೆ, ಅಷ್ಟೇನೂ ಚೆನ್ನಾಗಿ ಬರಲಿಲ್ಲ.