ಕುಡಿಯೋದು ಅವರ ಹೊಟ್ಟೆಗೆ, ಬಾಟಲಿ ನಮ್ಮ ಹೊಲಕ್ಕೆ

"ಅವರ ದುಡ್ಡು, ಅವರ ಹೊಟ್ಟೆ, ನಿಮಗೇನು ತೊಂದ್ರೆ?" ಅಂತ ಹೋದ ವಾರ ಟೀ ಅಂಗಡೀಲಿ ನಮ್ಮೂರ ಹುಡುಗನೇ ಒಬ್ಬ ಕೇಳ್ದ. ತೊಂದ್ರೆ ಏನು ಅಂತ ಬರೀತೀನಿ, ಅವನೂ ಓದ್ಲಿ.

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗೋ ಕಾರುಗಳು ಸೂರ್ಯಕಾಂತಿ ಅರಳಿದ ಕೂಡಲೇ ನಮ್ಮ ಬದುವಿನ ಪಕ್ಕ ನಿಲ್ತವೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಗೇಟು ತಪ್ಪಿದೋರಲ್ಲಿ ಕೆಲವರು ನಮ್ಮ ಹುಣಸೆಮರದ ಕೆಳಗೇ ಡಿಕ್ಕಿ ತೆಗೆದು ಕೂತ್ಕತಾರೆ. ಬೆಳಿಗ್ಗೆ ಅವರು ಊಟಿಗೆ, ಬಾಟಲಿ ನಮಗೆ. ಇಡೀ ಬಾಟಲಿ ಬಿಟ್ಟು ಹೋದ್ರೆ ಆಯ್ದು ಗುಜರಿಗಾದ್ರೂ ಹಾಕ್ಬೋದು. ಕಲ್ಲಿಗೆ ಹೊಡೆದು ಒಡೆಯೋದ್ರಲ್ಲಿ ಅದೇನು ಸುಖವೋ ಕಾಣೆ.

ಆ ಗಾಜು ಹೊಲದಲ್ಲಿ ಏನು ಮಾಡ್ತದೆ ಅಂತ ನಿಮಗೆಲ್ಲ ಗೊತ್ತು. ರೋಟವೇಟರ್ ಹೊಡೆದ್ರೆ ಒಂದು ಬಾಟಲಿ ನೂರು ಚೂರಾಗಿ ಹರಡ್ತದೆ, ಮೇಲೆ ಕಾಣಲ್ಲ. ಕಳೆ ಕೀಳೋ ಹೆಣ್ಣಾಳಿನ ಕೈಗೋ ಕಾಲಿಗೋ ಸಿಕ್ಕಾಗಲೇ ಗೊತ್ತಾಗೋದು. ಈ ಸಾರಿ ನಮ್ಮ ಅರಿಶಿನದ ಕಳೆಗೆ ಬಂದಿದ್ದ ಹೆಣ್ಣುಮಗಳ ಹಿಮ್ಮಡಿ ಸೀಳಿ 5 ಹೊಲಿಗೆ ಬಿತ್ತು. ಇಂಜೆಕ್ಷನ್ನು, ಆಟೋ ನಾನು ನೋಡ್ಕಂಡೆ. 12 ದಿನದ ಕೂಲಿ ಹೋಯ್ತಲ್ಲ, ಅದನ್ನ ಯಾವ ಕಾರಿನೋರು ಕೊಡ್ತಾರೆ? ಹಸುವಿನ ಗೊರಸಿನ ಸಂದಿಗೆ ಚೂರು ಹೊಕ್ಕರೆ ಇನ್ನೂ ಕಷ್ಟ. ಅದು ಬಾಯಿ ಬಿಟ್ಟು ಹೇಳಲ್ಲ. ಕೀವು ಕಟ್ಟಿ ಕುಂಟೋ ಹೊತ್ತಿಗೆ ಮೇವು ಬಿಟ್ಟಿರ್ತದೆ, ಡೈರಿಗೆ ಹಾಕೋ ಹಾಲು ಇಳಿದಿರ್ತದೆ.

ಸಂಜೆ ಆಳುಗಳು ಈಗ ರೋಡು ಬಿಟ್ಟು ಹಳ್ಳದ ದಾರೀಲಿ ಸುತ್ತಿ ಮನೆಗೆ ಹೋಗ್ತಾರೆ. ಯಾಕೆ ಅಂದ್ರೆ ಹೇಳಲ್ಲ. ಕೇಳೋದೂ ಬೇಕಿಲ್ಲ. ಕತ್ತಲಾಗೋ ಹೊತ್ತಲ್ಲಿ ಕುಡಿದು ಕೂತಿರೋ ನಾಲ್ಕು ಗಂಡಸರ ಮುಂದೆ ಯಾರ ಮನೆ ಹೆಣ್ಣುಮಕ್ಕಳು ನಡೀತಾರೆ?

ಕಾನೂನು ಇಲ್ಲ ಅಂತಲ್ಲ. ಸಾರ್ವಜನಿಕ ಜಾಗದಲ್ಲಿ ಕುಡಿಯೋದು ಅಬಕಾರಿ ಕಾಯ್ದೆ 15(ಎ) ಕಲಮಿನ ಪ್ರಕಾರ ತಪ್ಪು. ಕುಡಿದು ಗಾಡಿ ಓಡಿಸಿದ್ರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ. ಆದ್ರೆ ಪೇಪರಲ್ಲಿ ಈ ಕಲಮು ನಾನು ನೋಡೋದೆಲ್ಲ ಹಳ್ಳಿ ಗೂಡಂಗಡಿಯವನ ಮೇಲೆ. ಬದುವಿನ ಮೇಲೆ ಕೂತ ಕಾರಿನೋರ ಮೇಲೆ ಬಿದ್ದಿದ್ದು ಕಂಡಿಲ್ಲ.

ಕಾಡು ದಾಟಿದ್ರೆ ಇದೇ ಜನ ಬೇರೆ ಥರ ಇರ್ಬೇಕಾಗ್ತದೆ. ಗಾಜು ಕಾಡುಪ್ರಾಣಿಗಳಿಗೆ ಚುಚ್ಚುತ್ತೆ ಅಂತ ಮದ್ರಾಸ್ ಹೈಕೋರ್ಟಲ್ಲಿ ಕೇಸು ನಡೆದು, 2022ರಿಂದ ನೀಲಗಿರಿಯ ಸರ್ಕಾರಿ ಮದ್ಯದಂಗಡೀಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ಇಸ್ಕೊಳ್ತಾರೆ. ಖಾಲಿ ಬಾಟಲಿ ವಾಪಸ್ ಕೊಟ್ರೆ ಆ 10 ವಾಪಸ್. ಆಮೇಲೆ ಬೇರೆ ಜಿಲ್ಲೆಗಳಿಗೂ ತಂದ್ರು. ಅಲ್ಲಿ ಆನೆ ಕಾಲಿಗೆ ಇರೋ ಬೆಲೆ ಇಲ್ಲಿ ಆಳಿನ ಕಾಲಿಗೆ ಬೇಡ್ವಾ? ಮದ್ಯದ ತೆರಿಗೆ ಎಣಿಸ್ಕೊಳ್ಳೋ ನಮ್ಮ ಸರ್ಕಾರಕ್ಕೆ ಬಾಟಲಿ ಎಣಿಸೋದು ಭಾರವಾ?

ಟೂರಿಸ್ಟ್ ಬರೋದು ನಿಲ್ತದೆ ಅಂತ ಹೆದರಿಸಬೇಡಿ. ಊಟಿಗೆ ಹೋಗೋದೇನು ನಿಂತಿಲ್ಲ. ನಮ್ಮವರಿಗೂ ಒಂದು ಮಾತು. ಸೂರ್ಯಕಾಂತಿ ಹೊಲದಲ್ಲಿ ಫೋಟೋಗೆ ತಲೆಗೆ 20 ರೂಪಾಯಿ ಇಸ್ಕೊಳ್ಳಿ, ಬೇಡ ಅನ್ನಲ್ಲ. ಪ್ಲಾಸ್ಟಿಕ್ ಲೋಟ, ನೀರು, ಉಪ್ಪಿನಕಾಯಿ ಪೊಟ್ಟಣ ಇಟ್ಕೊಂಡು ಮರದ ಕೆಳಗೆ ನೀವೇ ಜಾಗ ತೋರಿಸ್ತೀರಲ್ಲ, ಅದು ಬಿಡಿ. ನಿಮ್ಮ 50 ರೂಪಾಯಿ ಲಾಭದ ಗಾಜು ಪಕ್ಕದವನ ಹೊಲಕ್ಕೆ ಬೀಳ್ತದೆ.

ಬಾಟಲಿಗೆ ನಮ್ಮ ಜಿಲ್ಲೆಯಲ್ಲೂ 10 ರೂಪಾಯಿ ಹಿಡೀಬೇಕು, ಸೂರ್ಯಕಾಂತಿ ಸಮಯದಲ್ಲಿ ಸಂಜೆ ಈ ರಸ್ತೇಲಿ ಪೊಲೀಸ್ ಗಾಡಿ ಓಡಾಡ್ಬೇಕು ಅಂತ ಅರ್ಜಿ ಬರೆದಿದ್ದೀನಿ. ಮುಂದಿನ ಗ್ರಾಮಸಭೆಯಲ್ಲಿ ಕೊಡೋದು. ಸಹಿ ಹಾಕೋರು ನಮ್ಮ ಮನೆ ಹತ್ರ ಬನ್ನಿ. ಸಭೆಗೆ ಬರೋವಾಗ ನಿಮ್ಮ ನಿಮ್ಮ ಬದುವಿನ ಬಾಟಲಿ, ಗಾಜು ಎಲ್ಲ ಗೊಬ್ಬರದ ಚೀಲಕ್ಕೆ ತುಂಬ್ಕೊಂಡು ಬನ್ನಿ, ಸಾಹೇಬ್ರ ಟೇಬಲ್ ಮುಂದೆ ಸಾಲಾಗಿ ಇಡೋಣ. ಚೀಲ ಎರಡು ಪದರ ಮಾಡಿ, ಚೂರು ಹೊರಗೆ ಬರ್ತವೆ.