ಒಂದೇ ಲಾಯದ ಎರಡು ಕುದುರೆಗಳು

ಇಟಲಿಯ ಮರನೆಲ್ಲೊದಲ್ಲಿರುವ ಫೆರಾರಿ ಕಂಪನಿಯ ಲಾಂಛನ, ಮುಂಗಾಲೆತ್ತಿ ನಿಂತ ಕಪ್ಪು ಕುದುರೆ. ಆ ಲಾಯದಿಂದ ಎಂಟು ವರ್ಷಗಳ ಅಂತರದಲ್ಲಿ ಹೊರಬಂದ ಎರಡು ಕಾರುಗಳು ಎಫ್40 ಮತ್ತು ಎಫ್50. ಮೊದಲನೆಯದು 1987ರಲ್ಲಿ, ಕಂಪನಿಯ ನಲವತ್ತರ ನೆನಪಿಗೆ ಬಂತು. ಸಂಸ್ಥಾಪಕ ಎಂಜೊ ಫೆರಾರಿ ಮರುವರ್ಷವೇ ತೀರಿಕೊಂಡರು. ಎರಡನೆಯದು ಬಂದದ್ದು 1995ರಲ್ಲಿ. ಎಫ್40ರ ಗರಿಷ್ಠ ವೇಗ ಗಂಟೆಗೆ 324 ಕಿಲೋಮೀಟರ್, ಎಫ್50ರದು 325. ಅಂಕಪಟ್ಟಿಯ ಮೊತ್ತವನ್ನಷ್ಟೇ ನೋಡುವವರು ಎರಡೂ ಒಂದೇ ಎಂದಾರು. ಆದರೆ ಅವು ಹಿಡಿದ ದಾರಿಗಳೇ ಬೇರೆ.

ಎಂಜಿನ್‌ಗೆ ಪೆಟ್ರೋಲ್ ಇದ್ದರಷ್ಟೇ ಸಾಲದು, ಗಾಳಿಯೂ ಬೇಕು. ಹೆಚ್ಚು ಇಂಧನ ಉರಿಯಬೇಕಾದರೆ ಹೆಚ್ಚು ಆಮ್ಲಜನಕ ಒಳಹೋಗಬೇಕು. ಎಫ್40ರದು ಎಂಟು ಸಿಲಿಂಡರುಗಳ, 2.9 ಲೀಟರಿನ ಸಣ್ಣ ಎಂಜಿನ್. ಅದಕ್ಕೆ ಎರಡು ಟರ್ಬೊಗಳ ನೆರವು. ಎಂಜಿನ್‌ನಿಂದ ಹೊರನುಗ್ಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೀಗೆ ಪೋಲಾಗುತ್ತಿದ್ದ ಶಕ್ತಿಯೇ ದುಡಿದು 478 ಅಶ್ವಶಕ್ತಿ ಹುಟ್ಟುತ್ತದೆ. ಅಂದರೆ ಲೀಟರಿಗೆ ಸುಮಾರು 163.

ಎಫ್50ಕ್ಕೆ ಟರ್ಬೊ ಇಲ್ಲ. 1990ರ ಫಾರ್ಮುಲಾ ಒನ್ ರೇಸ್ ಕಾರಿನ ಎಂಜಿನ್ ಆಧರಿಸಿ ರೂಪಿಸಿದ 4.7 ಲೀಟರಿನ ಎಂಜಿನ್ ಅದರದು. 12 ಸಿಲಿಂಡರು, ಒಂದೊಂದಕ್ಕೂ ಐದು ಕವಾಟ. ಅದು ತಾನಾಗಿಯೇ ಗಾಳಿ ಸೆಳೆದುಕೊಂಡು ನಿಮಿಷಕ್ಕೆ 8,500 ಸುತ್ತು ತಿರುಗುವಾಗ 520 ಅಶ್ವಶಕ್ತಿ ಕೊಡುತ್ತದೆ. ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 110 ಮಾತ್ರ.

ವಿದ್ಯಾರ್ಥಿಗಳು ಇಲ್ಲೊಂದು ಒಗಟನ್ನು ಗಮನಿಸಬೇಕು. ಚಕ್ರವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಸಣ್ಣ ಎಂಜಿನ್ನಿನ ಎಫ್40ರ ಟಾರ್ಕ್ 577 ನ್ಯೂಟನ್ ಮೀಟರ್, ದೊಡ್ಡ ಎಂಜಿನ್ನಿನ ಎಫ್50ರದು 471! ಹಾಗಿದ್ದೂ ಎಫ್50ಕ್ಕೇ ಅಶ್ವಶಕ್ತಿ ಹೆಚ್ಚು, ಹೇಗೆ? ಶಕ್ತಿ ಎಂದರೆ ಟಾರ್ಕ್ ಮತ್ತು ತಿರುಗುವ ವೇಗಗಳ ಗುಣಲಬ್ಧ. ಒಂದು ಜೋರಾಗಿ ತಳ್ಳುತ್ತದೆ, ಇನ್ನೊಂದು ಬೇಗ ಬೇಗ ತಳ್ಳುತ್ತದೆ.

ಎರಡು ದಾರಿಗೂ ಬೆಲೆಯುಂಟು. ಎಫ್40ರ ಆಕ್ಸಿಲರೇಟರ್ ತುಳಿದರೆ ಟರ್ಬೊ ವೇಗ ಪಡೆಯುವವರೆಗೆ ಕೊಂಚ ಕಾಯಬೇಕು. ಬಳಿಕ ಬಲ ಒಮ್ಮೆಲೇ ನುಗ್ಗುತ್ತದೆ. ಎಫ್50 ತುಳಿದೊಡನೆ ಓಗೊಡುತ್ತದೆ. ಆದರೆ ಅದರ ಪೂರ್ಣ ಬಲ ಬೇಕಾದರೆ ಎಂಜಿನ್ನನ್ನು ಸದಾ ಓಡಿಸುತ್ತಲೇ ಇರಬೇಕು. ತೂಕವೂ ಹೆಚ್ಚು: ಎಫ್40 ಸುಮಾರು 1,100 ಕಿಲೋ ಇದ್ದರೆ ಇದು 1,230.

ಇದೆಲ್ಲ ಶ್ರೀಮಂತರ ಆಟಿಕೆಯ ಮಾತೆಂದು ಪುಟ ತಿರುಗಿಸಬೇಡಿ. ಒಂದು ಲೀಟರಿನ ಟರ್ಬೊ ಎಂಜಿನ್ ಈಗ ನಮ್ಮ ರಸ್ತೆಯ ಸಾಮಾನ್ಯ ಕಾರುಗಳಲ್ಲೂ ಇದೆ. ಮನೆಗೆ ಕಾರು ಕೊಳ್ಳುವ ಮುನ್ನ ಅಪ್ಪ–ಮಕ್ಕಳು ಕೂತು ಕೈಪಿಡಿ ಓದುವಾಗ, ಅಶ್ವಶಕ್ತಿಯ ಅಂಕಿಗೆ ಮರುಳಾಗದೆ, ಟಾರ್ಕ್ ಎಷ್ಟು, ಅದು ಎಷ್ಟನೇ ಸುತ್ತಿಗೆ ಸಿಗುತ್ತದೆ ಎಂಬ ಸಾಲನ್ನೂ ಹುಡುಕಲಿ. ಐದು ಜನ ಕೂತು ಘಾಟಿ ಹತ್ತುವಾಗ ಕೆಲಸಕ್ಕೆ ಬರುವುದು ಆ ಸಾಲು.